ಕಾದಂಬರಿ ಸಾರ್ವಭೌಮರಿಗೆ ನಮ್ಮ ಬಾಕಿ



ಕೊಂಡು ಓದುವವರಿಲ್ಲದೆ ಭಾಷೆ ಬಾಳದೆಂಬುದನ್ನು ಅ.ನ. ಕೃಷ್ಣರಾಯರ ಜೀವನವೇ ಸಾರುತ್ತದೆ. 1908ರಲ್ಲಿ ಕೋಲಾರದಲ್ಲಿ ಜನಿಸಿದ ಅ.ನ.ಕೃ. ಲೇಖನಿಯನ್ನೇ ನಂಬಿ ಬಾಳಿದರು. ನೂರಕ್ಕೂ ಮಿಕ್ಕಿ ಕಾದಂಬರಿಗಳನ್ನು ಬರೆದರು. ಸಂಗೀತಗಾರನ ಬಾಳನ್ನು ಚಿತ್ರಿಸುವ ‘ಸಂಧ್ಯಾರಾಗ’ 1966ರಲ್ಲಿ ಚಲಚ್ಚಿತ್ರವೂ ಆಯಿತು. ವೇಶ್ಯಾಜೀವನವನ್ನು ಕುರಿತ ಕಾದಂಬರಿಗಳನ್ನು ಅಶ್ಲೀಲವೆಂದು ಹಲವರು ಹಳಿದರು. ಓದುಗರು ಮಾತ್ರ ಅವರ ಕೈ ಬಿಡಲಿಲ್ಲ. 1960ರ ಮಣಿಪಾಲ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠ ಅವರಿಗೆ ಸಂದಿತು. ಅದೇ ದಶಕದಲ್ಲಿ ಅವರು ಬೆಂಗಳೂರಿನ ಕನ್ನಡ ಚಳವಳಿಯ ಮುಂದಾಳಾದರು. 1971ರಲ್ಲಿ ತೀರಿಕೊಂಡರು, ಮೈಸೂರು ರಾಜ್ಯವು ‘ಕರ್ನಾಟಕ’ವಾದ 1973ರ ನವೆಂಬರ್ 1ನ್ನು ಕಾಣಲಿಲ್ಲ.

ಮುಂಬಯಿಯಲ್ಲಿರುವ ನಮಗೆ ಇದರಿಂದ ಏನು? ಮಾಟುಂಗಾ, ಮುಲುಂಡ್, ಡೊಂಬಿವಲಿಗಳ ನಮ್ಮ ಎಷ್ಟೋ ಮನೆಗಳಲ್ಲಿ ಮಾತು ಇನ್ನೂ ಕನ್ನಡವೇ. ಆದರೆ ಮಕ್ಕಳಿಗೆ ಅಕ್ಷರ ಬಾರದು. ಅ.ನ.ಕೃ. ಅವರ ಕಥೆಗಳು ಸಾಮಾನ್ಯ ಗೃಹಸ್ಥರನ್ನೂ ಗೃಹಿಣಿಯರನ್ನೂ ಓದಲು ಕೂಡಿಸಿದವು. ಪಾಠದಿಂದ ಆಗದ್ದು ಕಥೆಯಿಂದ ಆದೀತು. ವರ್ಷಕ್ಕೊಮ್ಮೆ ಜಯಘೋಷ ಮಾಡಿದರೆ ಅವರ ಬಾಕಿ ತೀರದು. ತಿಂಗಳಿಗೊಂದು ಕನ್ನಡ ಪುಸ್ತಕ ಕೊಳ್ಳೋಣ. ಲೋಕಲ್ ಗಾಡಿಯಲ್ಲಿ ನಾವು ಓದೋಣ; ರಾತ್ರಿ ಮಕ್ಕಳಿಗೆ ಓದಿ ಹೇಳೋಣ, ಮುಂದಿನ ಪುಟಕ್ಕೆ ಅವರೇ ಕೈ ಚಾಚುವವರೆಗೆ.