ಮೆಟ್ಟಿಲು ಹತ್ತುವ ದನಿ



1831ರಲ್ಲಿ, ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರ ದುಡಿಮೆಯಿಂದ ಇಡೀ ಬೈಬಲ್ ಕನ್ನಡಕ್ಕೆ ಬಂತು. ಇಪ್ಪತ್ತು ವರ್ಷಕ್ಕೆ ಬಾಸೆಲ್ ಮಿಶನ್ ಗುಳೇದಗುಡ್ಡಕ್ಕೆ ಬಂತು. ಚರಿತ್ರೆ ಇಷ್ಟು ಸಾಕು. ನನ್ನ ತಕರಾರು ಇರುವುದು ಒಂದೇ ವಾಕ್ಯದ ಮೇಲೆ: ಎರಡನೆಯ ಸಮುವೇಲ, 18ನೇ ಅಧ್ಯಾಯದ ಕೊನೆ.

ಚರ್ಚಿನಲ್ಲಿ ನಾನು ಮೊದಲ ಸಲ ಓದಲು ನಿಂತಾಗ ಬಂದದ್ದು ಅದೇ. ತಂದೆ ದಾವೀದನ ಮೇಲೆ ದಂಡೆತ್ತಿ ಹೋದ ಅಬ್ಷಾಲೋಮ ಸತ್ತ, ದಾವೀದ ಅಳುತ್ತಾನೆ. ನನ್ನ ದನಿ ಏರಿತು, ನಡುಗಿತು. ಆರಾಧನೆ ಮುಗಿದು ಚಪ್ಪಲಿ ಹಾಕಿಕೊಳ್ಳುವಾಗ ಹಿರಿಯರೊಬ್ಬರು ತಡೆದರು: “ಏನ್ ತಮ್ಮಾ, ಪಾರಿಜಾತದಾಗ ಪಾತ್ರಾ ಮಾಡಾಕತ್ತಿದ್ದೇನು?” ಶ್ರೀಕೃಷ್ಣ ಪಾರಿಜಾತದ ಸೀಮೆಯವರಿಗೆ ಈ ಮಾತು ಎಷ್ಟು ನಾಟುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಆ ಹಿರಿಯರು ಓದುತ್ತಿದ್ದದ್ದು ಒಂದೇ ದನಿಯಲ್ಲಿ, ಪಂಚಾಯ್ತಿ ಠರಾವು ಓದಿದ ಹಾಗೆ.

ಮುಧೋಳದಲ್ಲಿ ನಮಗೊಬ್ಬ ಕನ್ನಡ ಮಾಸ್ತರರಿದ್ದರು. ರನ್ನನ ಊರಲ್ಲವೇ, ‘ಗದಾಯುದ್ಧ’ ಅಂದರೆ ಅವರಿಗೆ ಮೈಯೆಲ್ಲ ಕಿವಿ. ದುರ್ಯೋಧನ ರಣಭೂಮಿಯಲ್ಲಿ ಮಗ ಲಕ್ಷಣಕುಮಾರನ ಹೆಣ ಕಾಣುವ ಭಾಗಕ್ಕೆ ಕುರ್ಚಿ ಬಿಟ್ಟು ಎದ್ದು, ಬೆಂಚುಗಳ ನಡುವೆ ಓಡಾಡುತ್ತ ಓದುತ್ತಿದ್ದರು. “ಅಂವ ಕುಂತು ಅಳೂದಿಲ್ರೋ. ಹೆಣಾ ದಾಟಕೋತ ನಡದಾನ.”

ಎಷ್ಟೋ ವರ್ಷದ ಮೇಲೆ ಸಮುವೇಲನ ಪುಸ್ತಕ ತೆಗೆದಾಗ ಕಣ್ಣಿಗೆ ಬಿತ್ತು: ದಾವೀದನೂ ಕುಳಿತು ಅಳುವುದಿಲ್ಲ! ಊರಬಾಗಿಲ ಮೇಲಿನ ಕೋಣೆಗೆ ಏರಿ ಹೋಗುತ್ತ, ನಡೆನಡೆಯುತ್ತಲೇ ಹಲುಬುತ್ತಾನೆ. ಹೀಬ್ರೂ ಮೂಲದಲ್ಲಿ ಮಗನ ಹೆಸರು ಮೂರು ಸಲ, ‘ಬೆನೀ’, ಅಂದರೆ ನನ್ನ ಮಗ, ಐದು ಸಲ. ನನ್ನ ಕಿವಿಗೆ ಅದು ಮೆಟ್ಟಿಲು ಹತ್ತುವ ಮುದುಕನ ಏದುಸಿರು. ಅಂದಿನಿಂದ ದನಿ ಏರಿಸುವುದು ಬಿಟ್ಟೆ. ಒಂದೊಂದು ಸಲಕ್ಕೂ ಒಂದು ಮೆಟ್ಟಿಲಿನಷ್ಟು ತಡೆದು ಓದುತ್ತೇನೆ.

ಆದರೂ ಆ ಹಿರಿಯರು ನನ್ನನ್ನು ಬಿಟ್ಟಿಲ್ಲ. ಅವರು ಠರಾವಿನ ದನಿಯಲ್ಲಿ ಇದನ್ನೇ ಓದಿದ ಒಂದು ಭಾನುವಾರ, ಮಗನನ್ನು ಮಣ್ಣು ಮಾಡಿ ಬಂದಿದ್ದ ತಾಯಿಯೊಬ್ಬಳು ಸೆರಗನ್ನು ಬಾಯಿಗೆ ಒತ್ತಿಕೊಂಡದ್ದನ್ನು ಕಂಡಿದ್ದೇನೆ. ನಾನು ತಡೆತಡೆದು ಓದಿದರೆ ಜನ ನನ್ನ ಮುಖ ನೋಡುತ್ತಾರೆ.

ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಶ್ರಾವಣದ ಪುರಾಣಕ್ಕೆ ಓದುವವರೊಬ್ಬರು, ಅರ್ಥ ಹೇಳುವವರೊಬ್ಬರು. ಹಾಗಾದರೆ ನಾನು ತಡೆಯುವುದು ಓದೋ, ಅರ್ಥವೋ? ಪುಸ್ತಕದಲ್ಲಿ ಮೆಟ್ಟಿಲಿನ ಮಾತೇ ಇಲ್ಲ; ಏರಿ ಹೋದ ಎಂದಷ್ಟೇ ಇದೆ. ನಾನು ಹತ್ತುತ್ತಿರುವ ಮೆಟ್ಟಿಲು ದಾವೀದನದೋ, ಬೆಂಚುಗಳ ನಡುವೆ ಓಡಾಡಿದ ನಮ್ಮ ಮಾಸ್ತರರದೋ?