ಮನೆ ಖಾಲಿ ಇದೆ, ಆದರೆ ನಿಮಗಲ್ಲ



ಇವತ್ತು ರಾಜಕಾರಣ ಬೇಡ. ಯಾರ ಕುರ್ಚಿ ಅಲುಗಾಡ್ತಿದೆ, ಯಾರು ಯಾರ ಮನೆಗೆ ಊಟಕ್ಕೆ ಹೋದರು, ಅದನ್ನೆಲ್ಲ ನಾಳೆ ನೋಡೋಣ. ಇವತ್ತಿನ ವಿಷಯ ಬಾಡಿಗೆ ಮನೆ. ಚಿಕ್ಕ ವಿಷಯ ಅಂತ ಚಾನೆಲ್ ಬದಲಾಯಿಸಬೇಡಿ. ಒಂದು ಊರಿನ ಮನಸ್ಸು ಏನು ಅಂತ ಗೊತ್ತಾಗೋದು ವಿಧಾನಸೌಧದ ಮೆಟ್ಟಿಲ ಮೇಲಲ್ಲ, ಬಾಡಿಗೆ ಮನೆಯ ಗೇಟಿನ ಮುಂದೆ.

ಕೆಂಪಾಪುರ ನಿಮಗೆ ಗೊತ್ತು. ಹೆಬ್ಬಾಳ ಫ್ಲೈಓವರ್ ಪಕ್ಕ, ಹೊರವರ್ತುಲ ರಸ್ತೆಯಿಂದ ಒಳಗೆ ತಿರುಗಿದರೆ ಸಿಗುವ ಊರು. ಮೊದಲು ಹಳ್ಳಿ. ಈಗ ಕಾಲೇಜುಗಳು ಬಂದಿವೆ, ಕಾಫಿ ಬೋರ್ಡ್ ಲೇಔಟ್ ಇದೆ, ಸ್ವಲ್ಪ ಆಚೆ ಮಾನ್ಯತಾ ಟೆಕ್ ಪಾರ್ಕ್ ಇದೆ, ಹೆಬ್ಬಾಳದ ಸುತ್ತ ದೊಡ್ಡ ದೊಡ್ಡ ಖಾಸಗಿ ಆಸ್ಪತ್ರೆಗಳಿವೆ. ಜಮೀನು ಸೈಟಾಯ್ತು, ಸೈಟು ನಾಲ್ಕು ಅಂತಸ್ತಿನ ಕಟ್ಟಡವಾಯ್ತು. ಕೆಳಗೆ ಓನರ್, ಮೇಲೆ ಬಾಡಿಗೆಯವರು. ಎಷ್ಟೋ ಮನೆಗಳಲ್ಲಿ ಇವತ್ತು ಒಲೆ ಉರಿಯೋದೇ ಆ ಬಾಡಿಗೆಯಿಂದ.

ಆ ಮನೆಗಳನ್ನು ಕೇಳಿಕೊಂಡು ಬರೋರಲ್ಲಿ ಆಫ್ರಿಕಾದ ಹುಡುಗರು, ಹುಡುಗಿಯರು ಇದ್ದಾರೆ. ಸುಡಾನ್, ಕಾಂಗೊ, ತಾಂಜಾನಿಯಾ, ನೈಜೀರಿಯಾ, ಸೊಮಾಲಿಯಾ. ಓದೋಕೆ ಬಂದವರು ಒಂದಷ್ಟು ಜನ, ಅಪ್ಪನಿಗೋ ಅಮ್ಮನಿಗೋ ಆಪರೇಷನ್ ಮಾಡಿಸೋಕೆ ಬಂದವರು ಒಂದಷ್ಟು ಜನ. ದೇಶದಲ್ಲೇ ಅತಿ ಹೆಚ್ಚು ವಿದೇಶಿ ವಿದ್ಯಾರ್ಥಿಗಳಿರುವ ರಾಜ್ಯ ಕರ್ನಾಟಕ ಅಂತ ಕೇಂದ್ರ ಸರ್ಕಾರದ ಉನ್ನತ ಶಿಕ್ಷಣ ಸಮೀಕ್ಷೆಗಳೇ ಹೇಳಿದ್ದವು. ಅದನ್ನು ಕೇಳಿ ನಾವು ಹೆಮ್ಮೆ ಪಟ್ಟೆವು. ಆದರೆ ಆ ವಿದ್ಯಾರ್ಥಿ ನಮ್ಮ ಗೇಟಿನ ಮುಂದೆ ಬಂದು ನಿಂತರೆ ಏನಾಗುತ್ತೆ? ಬ್ರೋಕರ್ ಫೋನಲ್ಲಿ ಎರಡು ಮಾತಾಡ್ತಾನೆ, ಆಮೇಲೆ ನಗ್ತಾ ಹೇಳ್ತಾನೆ: "ಮನೆ ಈಗಷ್ಟೇ ಹೋಯ್ತು." ಬೋರ್ಡ್ ಮಾತ್ರ ಮುಂದಿನ ವಾರವೂ ಅಲ್ಲೇ ನೇತಾಡ್ತಿರುತ್ತೆ. ಕೊಟ್ಟರೂ ಪಕ್ಕದ ಮನೆಗಿಂತ ಜಾಸ್ತಿ ಬಾಡಿಗೆ, ಜಾಸ್ತಿ ಅಡ್ವಾನ್ಸ್. ಖಾಲಿ ಮಾಡುವಾಗ ಪೇಂಟಿಂಗ್ ಅಂತ, ರಿಪೇರಿ ಅಂತ ಆ ಅಡ್ವಾನ್ಸಿನಲ್ಲಿ ಅರ್ಧ ಹೋಗಿರುತ್ತೆ. ಕೇಳೋರು ಯಾರು?

ಈಗ ಸೊಮಾಲಿಯಾ ವಿಷಯಕ್ಕೆ ಬರ್ತೀನಿ. ಆ ಹೆಸರು ಕೇಳಿದ ತಕ್ಷಣ ನಮ್ಮ ತಲೆಗೆ ಬರೋದು ಎರಡೇ. ಒಂದು ಬರಗಾಲ, ಇನ್ನೊಂದು ಕಡಲ್ಗಳ್ಳರು. ಮೂರನೆಯದು ಗೊತ್ತಿದ್ದರೆ ಹೇಳಿ. ಗೊತ್ತಿಲ್ಲ ಅಂದ್ರೆ ನಾನು ಹೇಳ್ತೀನಿ, ಕೇಳಿ.

1991ರ ಜನವರಿಯಲ್ಲಿ ಅಲ್ಲಿನ ಸಿಯಾದ್ ಬರ್ರೆ ಸರ್ಕಾರ ಬಿತ್ತು. ಅದರ ಹಿಂದೆಯೇ ಇಡೀ ದೇಶ ಕುಸಿದುಬಿತ್ತು. ಲಕ್ಷಾಂತರ ಜನ ಊರು ಬಿಟ್ಟರು. ಕೆನ್ಯಾದ ದದಾಬ್ ಎಂಬಲ್ಲಿ ಅದೇ ವರ್ಷ ಶುರುವಾದ ನಿರಾಶ್ರಿತರ ಶಿಬಿರ ಕಾಲಕ್ರಮೇಣ ಜಗತ್ತಿನ ಅತಿ ದೊಡ್ಡ ಶಿಬಿರಗಳಲ್ಲಿ ಒಂದಾಯಿತು. ಅಲ್ಲಿ ಹುಟ್ಟಿದ ಮಕ್ಕಳು ಅಲ್ಲೇ ಮದುವೆಯಾಗಿ, ಅಲ್ಲೇ ಮಕ್ಕಳನ್ನು ಹೆತ್ತಿದ್ದಾರೆ. ಇನ್ನೂ ಕೆಲವರು ಯೆಮನ್, ಲಂಡನ್, ಸ್ವೀಡನ್, ಅಮೆರಿಕದ ಮಿನಿಯಾಪೊಲಿಸ್ ಸೇರಿದರು. ಬಾಲ್ಯದಲ್ಲಿ ಕೆನ್ಯಾದ ಶಿಬಿರದಲ್ಲಿ ವರ್ಷಗಟ್ಟಲೆ ಇದ್ದ ಇಲ್ಹಾನ್ ಒಮರ್, 2018ರಲ್ಲಿ ಅದೇ ಮಿನಿಯಾಪೊಲಿಸ್‌ನಿಂದ ಅಮೆರಿಕದ ಸಂಸತ್ತಿಗೆ ಆರಿಸಿಬಂದರು. ಆಗ ಅಮೆರಿಕದವರು ಎಷ್ಟು ದೊಡ್ಡ ಮನಸ್ಸಿನವರು ಅಂತ ನಾವು ಇಲ್ಲಿ ಕೂತು ಹೊಗಳಿದ್ದೇ ಹೊಗಳಿದ್ದು. ಬೇರೆಯವರ ದೊಡ್ಡ ಮನಸ್ಸನ್ನು ಹೊಗಳೋಕೆ ಕಾಸು ಖರ್ಚಾಗಲ್ಲ ನೋಡಿ.

ಈ ಜನರ ಬದುಕು ಹೇಗಿದೆ ಗೊತ್ತಾ? ಅವರ ಚಹಾಕ್ಕೆ 'ಶಾಹ್' ಅಂತಾರೆ. ಏಲಕ್ಕಿ, ಚಕ್ಕೆ, ಲವಂಗ, ಹಾಲು, ಕೈತುಂಬ ಸಕ್ಕರೆ. ಸಮೋಸಕ್ಕೆ 'ಸಂಬೂಸ್'. ನಮ್ಮ ಚಪಾತಿಯ ಹಾಗಿರುವ 'ಸಬಾಯದ್'. ಅನ್ನದ ಜೊತೆ ಬಾಳೆಹಣ್ಣು ಕಚ್ಚಿಕೊಂಡು ತಿಂತಾರೆ. ಗಂಡಸರು ಮನೆಯಲ್ಲಿ ಉಡೋದು 'ಮಅವೀಸ್', ಅಂದ್ರೆ ನಮ್ಮ ಲುಂಗಿಯೇ! ಹಿಂದಿ ಸಿನಿಮಾ ಅಂದ್ರೆ ಅವರಿಗೆ ಪ್ರಾಣ. ಅವರ ಭಾಷೆಗೆ ಅಧಿಕೃತ ಲಿಪಿ ಸಿಕ್ಕಿದ್ದು 1972ರಲ್ಲಿ. ಅದಕ್ಕೆ ಮೊದಲು ಕಾವ್ಯವೆಲ್ಲ ಬಾಯಿಂದ ಬಾಯಿಗೆ ಹರಿದು ಬಂದದ್ದು, ನಮ್ಮ ಮಂಟೇಸ್ವಾಮಿ, ಮಲೆ ಮಾದೇಶ್ವರರ ಕಾವ್ಯದ ಹಾಗೆ.

ಇನ್ನು ದುಡ್ಡಿನ ಕಥೆ. ದೇಶದ ಬ್ಯಾಂಕುಗಳೇ ಮುಳುಗಿದ ಮೇಲೆ ಹೊರಗೆ ಹೋದವರು ಹವಾಲಾ ಕಂಪನಿಗಳ ಮೂಲಕ ಮನೆಗೆ ಹಣ ಕಳಿಸೋಕೆ ಶುರು ಮಾಡಿದರು. ಅಲ್ಲಿ ಎಷ್ಟೋ ಮನೆಗಳು ಇವತ್ತಿಗೂ ನಿಂತಿರೋದು ಆ ಹಣದ ಮೇಲೆ. ಅಣ್ಣ ಪರದೇಶದಲ್ಲಿ ಟ್ಯಾಕ್ಸಿ ಓಡಿಸ್ತಾನೆ, ತಮ್ಮ ಇನ್ನೊಂದು ದೇಶದಲ್ಲಿ ಓದ್ತಾನೆ, ಅಮ್ಮ ಊರಲ್ಲಿ ಫೋನ್ ಹಿಡಿದು ಕಾಯ್ತಾಳೆ. ಭಟ್ಕಳದವರಿಗೆ, ಉಡುಪಿಯವರಿಗೆ, ಮಂಗಳೂರಿನವರಿಗೆ ಈ ಕಥೆ ಬಿಡಿಸಿ ಹೇಳಬೇಕಾ? ಗಲ್ಫಿನ ದುಡ್ಡಲ್ಲಿ ಎದ್ದ ಮನೆಗಳು ನಮ್ಮ ಕರಾವಳಿಯಲ್ಲಿ ಎಷ್ಟಿವೆ, ಲೆಕ್ಕ ಹಾಕಿ.

ಹಾಗಂತ ಅವರೆಲ್ಲ ದೇವರಂಥವರು ಅಂತ ನಾನು ಹೇಳ್ತಿಲ್ಲ. ಅವರೊಳಗೂ ಹುಳುಕಿದೆ. ಒಬ್ಬ ಸೊಮಾಲಿ ಇನ್ನೊಬ್ಬ ಸೊಮಾಲಿಯನ್ನು ಪರದೇಶದಲ್ಲಿ ಭೇಟಿಯಾದರೆ ಮನಸ್ಸಲ್ಲಿ ಏಳುವ ಮೊದಲ ಪ್ರಶ್ನೆ, "ಇವನು ಯಾವ ಕಬೀಲ?" ಕಬೀಲ ಅಂದ್ರೆ ಕುಲ. 1970ರ ದಶಕದ ಆರಂಭದಲ್ಲಿ ಬರ್ರೆ ಸರ್ಕಾರ ಕುಲದ ಹೆಸರು ಎತ್ತಲೇಬಾರದು ಅಂತ ಹುಕುಂ ಹೊರಡಿಸಿತು. ಜನ ಏನು ಮಾಡಿದರು ಗೊತ್ತಾ? "ನಿಮ್ಮ ಮಾಜಿ ಕುಲ ಯಾವುದು?" ಅಂತ ಕೇಳೋಕೆ ಶುರು ಮಾಡಿದರು! ನಗಬೇಡಿ. ನಾವು ಜಾತಿ ಕೇಳಲ್ಲ, ಸುಸಂಸ್ಕೃತರು. ನಾವು ಕೇಳೋದು "ನಿಮ್ಮ ಮನೆದೇವರು ಯಾವುದು?", "ವೆಜ್ಜಾ, ನಾನ್‌ವೆಜ್ಜಾ?", "ನೀವು ಯಾವ ಪೈಕಿ?"

ಅಷ್ಟೇ ಅಲ್ಲ. ಸೊಮಾಲಿಯಾದೊಳಗೆ ಬಂಟು ಅನ್ನೋ ಜನ ಇದ್ದಾರೆ. ಅವರಲ್ಲಿ ಬಹಳ ಮಂದಿಯ ಪೂರ್ವಿಕರನ್ನು 19ನೇ ಶತಮಾನದಲ್ಲಿ ಗುಲಾಮರಾಗಿ ತಂದದ್ದು. ಅವರ ಕೂದಲು ಗುಂಗುರು ಅನ್ನೋದನ್ನೇ ಹಿಡಿದು ಉಳಿದ ಸೊಮಾಲಿಗಳು ತಲೆಮಾರುಗಳ ಕಾಲ ಅವರನ್ನು ಕೀಳಾಗಿ ಕಂಡರು, ಹೆಣ್ಣು ಕೊಡಲಿಲ್ಲ, ತರಲಿಲ್ಲ. ಅದೇ ಸೊಮಾಲಿ ಬೆಂಗಳೂರಿಗೆ ಬಂದಾಗ, ಬಂಟು ಯಾರು, ಸೊಮಾಲಿ ಯಾರು, ಕಾಂಗೊದವನು ಯಾರು ಅನ್ನೋದು ನಮ್ಮವರಿಗೆ ಲೆಕ್ಕಕ್ಕೇ ಇಲ್ಲ. ಎಲ್ಲರಿಗೂ ಒಂದೇ ಹೆಸರು. ಆ ಹೆಸರನ್ನು ನಾನು ಇಲ್ಲಿ ಹೇಳಲ್ಲ, ನಿಮ್ಮ ಬೀದಿಯಲ್ಲಿ ನೀವೇ ಕೇಳಿರ್ತೀರಿ. ಊರಲ್ಲಿ ಇನ್ನೊಬ್ಬರನ್ನು ಕೆಳಗೆ ತಳ್ಳಿದವನು ಪರದೇಶದಲ್ಲಿ ತಾನೇ ಕೆಳಗೆ ಬೀಳ್ತಾನೆ. ಈ ಮಾತು ಅವರಿಗೂ ಅನ್ವಯಿಸುತ್ತೆ, ನಮಗೂ ಅನ್ವಯಿಸುತ್ತೆ.

ನಮಗೆ ಹೇಗೆ ಅಂತೀರಾ? ಮುಂಬೈ ನೆನಪಿಸಿಕೊಳ್ಳಿ. 1966ರಲ್ಲಿ ಶಿವಸೇನೆ ಹುಟ್ಟಿತು. ಆಮೇಲೆ ಮುಂಬೈ ಬೀದಿಗಳಲ್ಲಿ ಮೊಳಗಿದ ಘೋಷಣೆ ಏನು? "ಬಜಾವೋ ಪುಂಗಿ, ಹಟಾವೋ ಲುಂಗಿ." ಆ ಲುಂಗಿ ಯಾರದ್ದು? ತಮಿಳರದ್ದು, ಮಲಯಾಳಿಗಳದ್ದು, ಜೊತೆಗೆ ನಮ್ಮ ಉಡುಪಿ, ಕುಂದಾಪುರದ ಕಡೆಯಿಂದ ಬರಿಗೈಲಿ ಹೋಗಿ, ಲೋಟ ತೊಳೆದು, ಮೇಲೆ ಬಂದು ಹೋಟೆಲ್ ಇಟ್ಟವರದ್ದು. ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದವು. ಇವರು ಬಂದು ನಮ್ಮ ಕೆಲಸ ಕಿತ್ಕೊಂಡ್ರು, ಇವರ ಭಾಷೆ ಬೇರೆ, ಉಡುಗೆ ಬೇರೆ, ಇವರವರೇ ಒಟ್ಟಾಗಿರ್ತಾರೆ. ಮುಂಬೈಯವರು ನಮ್ಮ ಬಗ್ಗೆ ಆಡಿದ ಈ ಮಾತಲ್ಲಿ ಒಂದಾದರೂ ಕೆಂಪಾಪುರದಲ್ಲಿ ಇವತ್ತು ಕೇಳಿಸ್ತಿಲ್ಲವಾ?

2012ರ ಆಗಸ್ಟ್ ಇನ್ನೂ ಹಳೆಯದಾಗಿಲ್ಲ. ಒಂದಷ್ಟು ಎಸ್ಸೆಮ್ಮೆಸ್, ಒಂದಷ್ಟು ಗಾಳಿಸುದ್ದಿ. ಈಶಾನ್ಯ ರಾಜ್ಯಗಳ ಸಾವಿರಾರು ಹುಡುಗರು, ಹುಡುಗಿಯರು ಬ್ಯಾಗು ಹೊತ್ತು ಬೆಂಗಳೂರು ರೈಲು ನಿಲ್ದಾಣದಲ್ಲಿ ನಿಂತಿದ್ದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯ್ತು. ಸರ್ಕಾರದವರೇ ನಿಲ್ದಾಣಕ್ಕೆ ಹೋಗಿ, ದಯವಿಟ್ಟು ಹೋಗಬೇಡಿ ಅಂತ ಕೇಳಿಕೊಂಡರು. ಅವರು ನಮ್ಮ ದೇಶದವರೇ. ಆದರೂ ಆ ರಾತ್ರಿ ಅವರಿಗೆ ನಮ್ಮ ಮೇಲೆ ನಂಬಿಕೆ ಬರಲಿಲ್ಲ. ಯಾಕೆ ಬರಲಿಲ್ಲ?

ಇನ್ನು 2016ರ ಜನವರಿ 31. ಜಾಗ ಇದೇ ಉತ್ತರ ಬೆಂಗಳೂರಿನ ಹೆಸರಘಟ್ಟ ರಸ್ತೆ. ಸುಡಾನ್‌ನ ವಿದ್ಯಾರ್ಥಿಯೊಬ್ಬ ಓಡಿಸುತ್ತಿದ್ದ ಕಾರು ಡಿಕ್ಕಿಯಾಗಿ ಸ್ಥಳೀಯ ಮಹಿಳೆಯೊಬ್ಬರು ತೀರಿಕೊಂಡರು. ದೊಡ್ಡ ಅನಾಹುತ. ಆ ಮನೆಯ ದುಃಖ ಸಣ್ಣದಲ್ಲ, ಜನರ ಸಿಟ್ಟು ಅರ್ಥವಾಗುತ್ತೆ. ಆದರೆ ಸುಮಾರು ಅರ್ಧ ಗಂಟೆಯ ನಂತರ ಅದೇ ದಾರಿಯಲ್ಲಿ ಇನ್ನೊಂದು ಕಾರು ಬಂತು. ಅದರಲ್ಲಿದ್ದವಳು ತಾಂಜಾನಿಯಾದ ವಿದ್ಯಾರ್ಥಿನಿ, ಜೊತೆಗೆ ಸ್ನೇಹಿತರು. ಅಪಘಾತಕ್ಕೂ ಅವಳಿಗೂ ಏನೇನೂ ಸಂಬಂಧ ಇಲ್ಲ. ದೇಶವೇ ಬೇರೆ. ಗುಂಪು ಅವಳನ್ನು ಎಳೆದು ಹೊಡೆಯಿತು, ಮೈಮೇಲಿನ ಬಟ್ಟೆ ಹರಿಯಿತು, ಕಾರಿಗೆ ಬೆಂಕಿ ಬಿತ್ತು. ಬಸ್ಸು ಹತ್ತೋಕೆ ಹೋದವಳನ್ನು ಕೆಳಗೆ ತಳ್ಳಿದರು ಅಂತಲೂ ಆಪಾದನೆ ಬಂತು. ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್ ನೋವು ತೋಡಿಕೊಂಡರು. ತಾಂಜಾನಿಯಾದ ರಾಯಭಾರಿಯೇ ಬೆಂಗಳೂರಿಗೆ ಓಡಿ ಬಂದರು. ಬಂಧನಗಳಾದವು, ಪೊಲೀಸರೂ ಅಮಾನತಾದರು.

ಆ ಹುಡುಗಿ ಮಾಡಿದ ತಪ್ಪೇನು? ಬಣ್ಣ. ಅಷ್ಟೇ. ಒಬ್ಬ ಬೆಂಗಳೂರಿನವನು ದುಬೈಯಲ್ಲಿ ಅಪಘಾತ ಮಾಡಿದ ಅಂತ, ಅರ್ಧ ಗಂಟೆ ಬಿಟ್ಟು ಆ ದಾರಿಯಲ್ಲಿ ಬಂದ ನಿಮ್ಮ ಮಗಳನ್ನು ಹಿಡಿದು ಹೊಡೆದರೆ? ಈ ಪ್ರಶ್ನೆಗೆ ಉತ್ತರ ನನಗೆ ಬೇಡ, ನಿಮ್ಮ ಮನೆಯವರಿಗೆ ಹೇಳಿ.

ಈಗ ನೀವು ಕೇಳ್ತೀರಿ, "ಎಲ್ಲ ಸರಿ ಸಾರ್, ಡ್ರಗ್ಸ್ ಮಾರೋರ ಕಥೆ ಏನು? ವೀಸಾ ಮುಗಿದ ಮೇಲೂ ಇರೋರ ಕಥೆ ಏನು?" ಸರಿಯಾದ ಪ್ರಶ್ನೆ. ಡ್ರಗ್ಸ್ ಕೇಸಲ್ಲಿ ಆಫ್ರಿಕಾ ಮೂಲದವರು ಸಿಕ್ಕಿಬಿದ್ದಿದ್ದಾರೆ. ಸುಳ್ಳಲ್ಲ. ತಪ್ಪು ಮಾಡಿದವನನ್ನು ಒಳಗೆ ಹಾಕಿ, ಗಡೀಪಾರು ಮಾಡಿ, ಯಾರು ಬೇಡ ಅಂದರು? ಆದರೆ ಮಾಡಿದವನ ಹೆಸರಲ್ಲಿ ಮಾಡಿ, ಬಣ್ಣದ ಹೆಸರಲ್ಲಿ ಬೇಡ. ಅದೇ ಕೇಸುಗಳಲ್ಲಿ ನಮ್ಮೂರಿನ ಹುಡುಗರೂ ಸಿಕ್ಕಿದ್ದಾರಲ್ಲ, ಅವರ ಬೀದಿಯಲ್ಲಿ ಎಲ್ಲರಿಗೂ ಬಾಡಿಗೆ ನಿಂತು ಹೋಯ್ತಾ? 2021ರ ಆಗಸ್ಟ್‌ನಲ್ಲಿ ಜೆ.ಸಿ. ನಗರ ಠಾಣೆಯ ವಶದಲ್ಲಿದ್ದ ಕಾಂಗೊ ಯುವಕನೊಬ್ಬ ಸತ್ತ. ಠಾಣೆ ಮುಂದೆ ಆಫ್ರಿಕಾದವರು ಪ್ರತಿಭಟಿಸಿದರು, ಲಾಠಿ ಬೀಸಿತು, ತನಿಖೆ ಸಿಐಡಿಗೆ ಹೋಯ್ತು. ಅವರಿಗೆ ನಮ್ಮ ಪೊಲೀಸರ ಮೇಲೆ ಅನುಮಾನ, ಪೊಲೀಸರಿಗೆ ಅವರ ಮೇಲೆ ಅನುಮಾನ. ನಡುವೆ ನಿಜವಾದ ದಂಧೆಕೋರ ಆರಾಮಾಗಿ ತಪ್ಪಿಸಿಕೊಳ್ತಾನೆ. ಯಾಕಂದ್ರೆ ಅವನ ಬಗ್ಗೆ ಮೊದಲು ಸುಳಿವು ಸಿಗೋದೇ ಅವನ ಜೊತೆಗಿರುವ ಒಳ್ಳೆಯ ಹುಡುಗರಿಗೆ. ಠಾಣೆಗೆ ಬರೋಕೇ ಹೆದರೋರು ಸುಳಿವು ಕೊಡ್ತಾರಾ?

ಇನ್ನೊಂದು ಮಾತು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡುಗಳಲ್ಲಿ ಶತಮಾನಗಳಿಂದ ಇರುವ ಸಿದ್ದಿ ಜನ ಗೊತ್ತಲ್ಲ. ಆಫ್ರಿಕಾ ಮೂಲದವರು, ಮಾತು ಕನ್ನಡ, ಕೊಂಕಣಿ. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಅಂಥ ಸಿದ್ದಿ ಹುಡುಗ ಬೆಂಗಳೂರಿಗೆ ಬಂದು ಅಚ್ಚ ಕನ್ನಡದಲ್ಲಿ ಮನೆ ಕೇಳಿದರೂ ನಮ್ಮವರು ಇಂಗ್ಲಿಷಿನಲ್ಲಿ ಉತ್ತರ ಕೊಡ್ತಾರೆ. ಅಂದ್ರೆ ನಮ್ಮ ತಕರಾರು ವೀಸಾದ್ದೂ ಅಲ್ಲ, ಭಾಷೆಯದ್ದೂ ಅಲ್ಲ. ಹಾಗಾದರೆ ಯಾವುದರದ್ದು?

ಪರಿಹಾರ ಇಲ್ಲವಾ? ಇದೆ. ಕಷ್ಟದ್ದೂ ಅಲ್ಲ. ಮನೆ ಓನರ್‌ಗಳೇ, ವಿದೇಶಿಯರಿಗೆ ಮನೆ ಕೊಟ್ಟರೆ 24 ಗಂಟೆಯೊಳಗೆ ನಿಗದಿತ ಫಾರ್ಮ್ ತುಂಬಿ ವಿದೇಶಿಯರ ನೋಂದಣಿ ಕಚೇರಿಗೆ ತಿಳಿಸಬೇಕು. ಆನ್‌ಲೈನಲ್ಲೇ ಆಗುತ್ತೆ. ಪಾಸ್‌ಪೋರ್ಟ್ ನೋಡಿ, ವೀಸಾ ನೋಡಿ, ಕಾಲೇಜಿಗೆ ಒಂದು ಫೋನ್ ಮಾಡಿ. ಅಷ್ಟು ಮಾಡಿದರೆ ನಿಮ್ಮ ಭಯಕ್ಕೆ ಕಾನೂನೇ ಕಾವಲು. ಜಾಸ್ತಿ ಬಾಡಿಗೆ ಆಸೆಗೆ ಕರಾರುಪತ್ರವೇ ಇಲ್ಲದೆ ಮನೆ ಕೊಟ್ಟು, ಆಮೇಲೆ "ಇವರು ಹಿಂಗೆ" ಅಂದರೆ ಹೇಗೆ? ಕಾಲೇಜುಗಳೇ, ಫೀಸು ಎಣಿಸಿಕೊಂಡ ಮೇಲೆ ಆ ಹುಡುಗ ಎಲ್ಲಿದ್ದಾನೆ, ಕ್ಲಾಸಿಗೆ ಬರ್ತಾನಾ ಅಂತ ನೋಡೋದು ನಿಮ್ಮ ಕೆಲಸ. ಮೊದಲ ತಿಂಗಳಲ್ಲೇ ನಾಲ್ಕು ಮಾತು ಕನ್ನಡ ಕಲಿಸಿ, ನಮ್ಮ ಬೀದಿಯ ರೀತಿನೀತಿ ಹೇಳಿ. ಪೊಲೀಸರೇ, ಸಮಸ್ಯೆ ಆದ ಮೇಲೆ ಹೋಗಬೇಡಿ, ಆಗೋ ಮೊದಲೇ ಬಡಾವಣೆಯವರನ್ನೂ ಆ ಹುಡುಗರನ್ನೂ ಒಂದೇ ಕಡೆ ಕೂರಿಸಿ ಮಾತಾಡಿ.

ಆಫ್ರಿಕಾದ ಹುಡುಗರಿಗೂ ಒಂದು ಮಾತು. ರಾತ್ರಿ ಹನ್ನೊಂದರ ಮೇಲೆ ಜೋರು ಹಾಡು ಬೇಡ. ಪಕ್ಕದಲ್ಲಿ ಬೆಳಗ್ಗೆ ನಾಲ್ಕಕ್ಕೆ ಎದ್ದು ಹಾಲು ಹಾಕೋರಿರ್ತಾರೆ, ಪರೀಕ್ಷೆಗೆ ಓದೋ ಮಕ್ಕಳಿರ್ತಾರೆ. ಕಣ್ಣಿಗೆ ಕಣ್ಣು ಕೊಟ್ಟು "ಹೇಗಿದ್ದೀರಾ ಆಂಟಿ" ಅಂದು ನೋಡಿ. ಕೆಂಪಾಪುರದ ಯಾವ ಆಂಟಿ ಬಾಗಿಲು ಹಾಕ್ತಾರೋ ನಾನೂ ನೋಡ್ತೀನಿ.

ವೀಕ್ಷಕರೇ, ನಮ್ಮ ಮಕ್ಕಳು ಇವತ್ತು ಟೊರಾಂಟೊದಲ್ಲಿದ್ದಾರೆ, ಮೆಲ್ಬರ್ನ್‌ನಲ್ಲಿದ್ದಾರೆ, ಡಲ್ಲಾಸ್‌ನಲ್ಲಿದ್ದಾರೆ. ಅಲ್ಲೆಲ್ಲೋ ಒಬ್ಬ ಓನರ್ ಗೇಟ್ ಹಿಡಿದು ನಿಂತು, ಇವನಿಗೆ ಮನೆ ಕೊಡಲಾ ಬೇಡವಾ ಅಂತ ಯೋಚಿಸ್ತಿದ್ದಾನೆ. ಅವನು ಏನು ಮಾಡಲಿ ಅಂತ ನೀವು ಬಯಸ್ತೀರೋ, ನಿಮ್ಮ ಗೇಟಿನ ಮುಂದೆ ನೀವೂ ಅದನ್ನೇ ಮಾಡಿ.