ತುಂಗಭದ್ರೆಯ ದಡದ ರಾಜಧಾನಿ

(ಬಿಳೇಕಹಳ್ಳಿಯಲ್ಲಿ ಕನ್ನಡ ಬಂಧುಗಳ ಸಭೆಯಲ್ಲಿ ಮಾಡಿದ ಭಾಷಣ)



ವಿಜಯನಗರವನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ತಾವು ಅಪ್ಪಣೆ ಮಾಡಿದ್ದೀರಿ. ಅದರ ವೈಭವವನ್ನು ಬಣ್ಣಿಸಿ, 1565ರ ಪತನಕ್ಕಾಗಿ ಕಣ್ಣೀರಿಟ್ಟು ಕುಳಿತುಕೊಳ್ಳುವುದು ಸುಲಭ. ಆದರೆ ನಾವು ಈಚೆಗೆ ಅಲ್ಲಿಗೆ ಹೋಗಿ ಕಣ್ಣಾರೆ ಕಂಡುದು ಬೇರೊಂದುಂಟು. ಅದನ್ನೇ ತಮ್ಮಲ್ಲಿ ಅರಿಕೆ ಮಾಡುತ್ತೇವೆ.

ನಮ್ಮ ಬಿಳೇಕಹಳ್ಳಿಗೆ ನದಿಯಿಲ್ಲ. ಸುಮಾರು 100 ಕಿಲೋಮೀಟರುಗಳಾಚೆಯಿಂದ ಮೇಲೆತ್ತಿ ತಂದ ಕಾವೇರಿಯನ್ನು ಕುಡಿದು ಬಾಳುವವರು ನಾವು. ಇಂಥ ನಾವು ಒಂದು ಸಂಜೆ ಬನ್ನೇರುಘಟ್ಟ ರಸ್ತೆಯಲ್ಲಿ ಬಸ್ಸು ಹಿಡಿದು, ರೈಲು ನಿಲ್ದಾಣವನ್ನು ಸೇರಿ, ರಾತ್ರಿಯ ಹಂಪಿ ಎಕ್ಸ್‌ಪ್ರೆಸ್ ಗಾಡಿಯನ್ನು ಹತ್ತಿದೆವು. ಗಾಡಿಯು ಗೌರಿಬಿದನೂರನ್ನು ಬಿಟ್ಟು, ಆಂಧ್ರದ ಹಿಂದೂಪುರ, ಅನಂತಪುರ, ಗುಂತಕಲ್ಲುಗಳನ್ನು ಹಾದು ಬಳ್ಳಾರಿಯಲ್ಲಿ ಮತ್ತೆ ಕರ್ನಾಟಕವನ್ನು ಹೊಗುತ್ತದೆ. ಆ ನಡುವಣ ನೆಲವನ್ನು ಪರನಾಡೆನ್ನಲು ನಮಗೆ ಮನಸ್ಸು ಬಾರದು; ರಾಯರ ಕಾಲದಲ್ಲಿ ಅದೆಲ್ಲವೂ ಒಂದೇ ಆಳಿಕೆಗೆ ಒಳಪಟ್ಟಿದ್ದಿತು. ಆದರೆ ಬಳ್ಳಾರಿ ಬಂದಾಗ ಒಂದು ಸಂಗತಿ ನೆನಪಾಗದಿರದು. 1953ರ ಅಕ್ಟೋಬರ್ 1ರಂದು ಈ ಜಿಲ್ಲೆಯ ಬಹುಭಾಗ ಮೈಸೂರಿಗೆ ಸೇರುವವರೆಗೆ, ಹಂಪಿಯು ಮದರಾಸಿನ ಆಡಳಿತದಲ್ಲಿದ್ದಿತು. ಕನ್ನಡಿಗರು ಯಾವ ರಾಜಧಾನಿಯನ್ನು ನೆನೆದು ಒಂದಾಗಲು ಹೊರಟರೋ ಅದೇ ಅವರ ಕೈಗೆ ದೂರವಾಗಿದ್ದಿತು!

ಬೆಳಿಗ್ಗೆ ಹೊಸಪೇಟೆಯಲ್ಲಿಳಿದೆವು. ಅಲ್ಲಿಂದ ಹಂಪಿಗೆ ಸುಮಾರು 13 ಕಿಲೋಮೀಟರು. ನಾವು ವಕೀಲಿ ವೃತ್ತಿಯವರು. ಕೇಳಿದ ಮಾತಿಗಿಂತ ಕಂಡ ಸಾಕ್ಷ್ಯವನ್ನೇ ನಂಬುವವರು. ಹಂಪಿಯಲ್ಲಿ ನಮಗೆ ಮೂರು ಸಾಕ್ಷ್ಯಗಳು ದೊರೆತವು.

ಮೊದಲನೆಯದು ವಿರೂಪಾಕ್ಷನ ಗುಡಿಯಲ್ಲಿದೆ. ಕೃಷ್ಣದೇವರಾಯನು ತನ್ನ ಪಟ್ಟಾಭಿಷೇಕದ ನೆನಪಿಗಾಗಿ ಅಲ್ಲಿ ರಂಗಮಂಟಪವನ್ನು ಕಟ್ಟಿಸಿದುದನ್ನು ಶಾಸನವು ಹೇಳುತ್ತದೆ. ಇದು ಅರಸನ ಸಾಕ್ಷ್ಯ.

ಎರಡನೆಯದು ಅರಮನೆಯ ಆವರಣದ ಮೆಟ್ಟಿಲ ಪುಷ್ಕರಣಿ. ಮಣ್ಣಿನಲ್ಲಿ ಹೂತುಹೋಗಿದ್ದ ಇದನ್ನು ಪುರಾತತ್ತ್ವ ಇಲಾಖೆಯವರು 1980ರ ದಶಕದಲ್ಲಿ ಅಗೆದು ತೆಗೆದರು. ಕಪ್ಪು ಕಲ್ಲಿನ ಮೆಟ್ಟಿಲುಗಳ ಮೇಲೆ, ಯಾವ ಕಲ್ಲು ಯಾವ ದಿಕ್ಕಿಗೆ, ಯಾವ ಸಾಲಿಗೆ ಎಂದು ಕುಶಲಕರ್ಮಿಗಳು ಕೊರೆದ ಗುರುತುಗಳಿವೆ. ಅದಕ್ಕೆ ನೀರು ತರುತ್ತಿದ್ದ ಕಲ್ಲಿನ ದೋಣಿಗಳ ಸಾಲು ಈಗಲೂ ಕಂಬಗಳ ಮೇಲೆ ನಿಂತಿದೆ. ಇದು ಹೆಸರಿಲ್ಲದ ಕಲ್ಲುಕುಟಿಗನ ಸಾಕ್ಷ್ಯ.

ಮೂರನೆಯದಕ್ಕೆ ಯಾತ್ರಿಕರು ಹೆಚ್ಚಾಗಿ ಬೆನ್ನು ತಿರುಗಿಸಿ ನಡೆಯುತ್ತಾರೆ. ಗುಡಿಗಳ ಪ್ರದೇಶಕ್ಕೂ ಅರಮನೆಯ ಪ್ರದೇಶಕ್ಕೂ ನಡುವೆ ಬಾಳೆಯ ತೋಟಗಳ ಹಸಿರು ಕಣಿವೆಯೊಂದುಂಟು. ಅದಕ್ಕೆ ನೀರುಣಿಸುವುದು ತುಂಗಭದ್ರೆಯಿಂದ ರಾಯರ ಕಾಲದಲ್ಲಿ ತೆಗೆದ ತುರ್ತಾ ಕಾಲುವೆ. ಸಿಂಹಾಸನ ಹೋಯಿತು, ಪೇಟೆಗಳು ಪಾಳಾದುವು; ಕಾಲುವೆ ಮಾತ್ರ ಹರಿಯುತ್ತಿದೆ. ಏಕೆ? ಪ್ರತಿ ತಲೆಮಾರಿನ ರೈತನೂ ಅದರ ಹೂಳನ್ನೆತ್ತಿದನು. ಇದು ಬದುಕಿರುವ ಸಾಕ್ಷ್ಯ.

ಮಧ್ಯಾಹ್ನ ಹೊಳೆಯ ದಡದಲ್ಲಿ ಪುರಂದರ ಮಂಟಪದವರೆಗೆ ನಡೆದು, ವಿಠ್ಠಲನ ಗುಡಿಯ ಕಲ್ಲಿನ ತೇರನ್ನು ನೋಡಿದೆವು. ಹರಿಗೋಲಿನಲ್ಲಿ ಆನೆಗೊಂದಿಗೆ ದಾಟಬೇಕೆಂದಿದ್ದೆವು. ಹೊಳೆ ತುಂಬಿದ್ದರಿಂದ ಅಂಬಿಗನು ಒಪ್ಪಲಿಲ್ಲ. ಅವನದೇ ಸರಿಯಾದ ತೀರ್ಪು.

ಮಹನೀಯರೇ, 1956ರ ನವೆಂಬರ್ 1ರಂದು ನಾಡು ಕೂಡಿತು. ಹಂಪಿಯು 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಕೀರ್ತಿಗೆ ನಮಗೆ ಕೊರತೆಯಿಲ್ಲ. ಆದರೆ ನಮ್ಮ ನೆರೆಯ ಹುಳಿಮಾವು ಕೆರೆಯ ಏರಿ 2019ರ ನವೆಂಬರಿನಲ್ಲಿ ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿದುದನ್ನು ತಾವು ಮರೆತಿಲ್ಲವಷ್ಟೆ? ಹಿರಿಯರ ಕಾಲುವೆಯನ್ನು ಕೊಂಡಾಡುವ ನಾವು ನಮ್ಮ ಕೆರೆಯನ್ನು ಕಾಯಲಾರದೆ ಹೋದರೆ, ಗತವೈಭವದ ಮಾತು ಬಾಯಿಮಾತಾಗಿಯೇ ಉಳಿಯುವುದು.

ಆದುದರಿಂದ ಉಪಾಧ್ಯಾಯ ಮಿತ್ರರಲ್ಲಿ ನಮ್ಮ ಬಿನ್ನಹವಿಷ್ಟೆ. ಮಕ್ಕಳನ್ನು ಹಂಪಿಗೆ ಅವಶ್ಯವಾಗಿ ಕರೆದೊಯ್ಯಿರಿ. ಕಲ್ಲಿನ ತೇರಿನೊಡನೆ ತುರ್ತಾ ಕಾಲುವೆಯನ್ನೂ ತೋರಿಸಿರಿ. ಹಿಂದಿರುಗಿದ ಮೇಲೆ ಅವರನ್ನು ಒಮ್ಮೆ ನಮ್ಮ ಕೆರೆಯ ಏರಿಯ ಮೇಲೆ ನಡೆಸಿರಿ. ಉಳಿದ ಪಾಠವನ್ನು ಮಕ್ಕಳೇ ನಮಗೆ ಹೇಳಿಯಾರು.